ಬೋಗುಣಿಯೊಳಗೆ ಉಳಿದ ಕೈ

ನಾನು ಒಂದು ಮಣ್ಣಿನ ಬೋಗುಣಿ. ಸಿಸಿಲಿ ದ್ವೀಪದ ತ್ರಾಪನಿ ಎಂಬ ಬಂದರಿನ ಊರಿನಲ್ಲಿ, ಸಮುದ್ರಕ್ಕೆ ಬೆನ್ನು ಮಾಡಿ ನಿಂತ ಮನೆಯೊಂದರಲ್ಲಿ ನನ್ನ ಬಾಳೆಲ್ಲ ಕಳೆಯಿತು. ನನ್ನ ಬಾಯಿ ಅಗಲ, ತಳ ಕಿರಿದು, ಪಕ್ಕಗಳು ಇಳಿಜಾರು. ಇಲ್ಲಿಯವರು ನನ್ನಂಥವರನ್ನು ಮಫರಾದ್ದಾ ಎಂದು ಕರೆಯುತ್ತಾರೆ. ಬಡಿಸಲಿಕ್ಕಾಗಲಿ, ಸಾರು ತುಂಬಿಡಲಿಕ್ಕಾಗಲಿ ನಾನು ಹುಟ್ಟಿದವಳಲ್ಲ. ರವೆಯನ್ನು ಕಾಳು ಮಾಡಲು ಹುಟ್ಟಿದವಳು.

ಗುಡ್ಡದ ಮೇಲಿನ ಕುಂಬಾರರ ಊರೊಂದರಲ್ಲಿ ನನ್ನನ್ನು ತಿಗರಿಯ ಮೇಲೆ ಎತ್ತಿದರು. ಒಳಮೈಗೆ ಹಸಿರು ಬಣ್ಣದ ಹೊಳಪು ಕೊಟ್ಟು ಆವಿಗೆಯಲ್ಲಿ ಸುಟ್ಟರು. ಹೊರಬಂದ ದಿನ ಕುಂಬಾರನ ಹೆಂಡತಿ ಬೆರಳ ಗೆಣ್ಣಿನಿಂದ ನನ್ನ ಅಂಚಿಗೆ ತಟ್ಟಿ ಸದ್ದು ಕೇಳಿದಳು. "ಗಟ್ಟಿಯಾಗಿದೆ. ಮದುವೆ ಹುಡುಗಿಗೆ ಕೊಡಬಹುದು" ಎಂದಳು. ಹಾಗೆ ನಾನು ವೀತಾ ಎಂಬ ಹುಡುಗಿಯ ಜೊತೆ, ಅವಳ ಹಾಸಿಗೆ ಹೊದಿಕೆಗಳ ನಡುವೆ ಕೂತು, ಗಂಡನ ಮನೆಗೆ ಬಂದೆ.

ಮಣ್ಣಿನ ಪಾತ್ರೆಗೆ ಇಷ್ಟೆಲ್ಲ ಹೇಗೆ ತಿಳಿಯಿತು ಎಂದು ನೀವು ಕೇಳಬಹುದು. ನನಗೆ ತಿಳಿಯುವುದೆಲ್ಲ ಕೈಗಳಿಂದ. ಕೈ ನನ್ನೊಳಗೆ ಇರುವಷ್ಟು ಹೊತ್ತು ಆ ಕೈಯವಳು ಆಡಿದ್ದು, ಕೇಳಿದ್ದು, ನುಂಗಿಕೊಂಡದ್ದು ಎಲ್ಲ ನನ್ನೊಳಕ್ಕೆ ಇಳಿಯುತ್ತದೆ. ಭಾಷೆ ಯಾವುದಾದರೂ ಸರಿ.

ವೀತಾಳ ಗಂಡ ಸಾರೊ ಮೀನುಗಾರ. ಆಫ್ರಿಕದ ಕಡೆಯ ನೀರಿಗೆ ಹೋಗಿ ದಿನಗಟ್ಟಲೆ ಇದ್ದು ಬರುವ ದೋಣಿಯಲ್ಲಿ ಅವನ ಕೆಲಸ. ದೋಣಿ ಮರಳುವ ದಿನ ವೀತಾ ಬೆಳಿಗ್ಗೆಯೇ ನನ್ನನ್ನು ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿದ್ದಳು. ಒಂದು ಹಿಡಿ ರವೆ, ಅದರ ಮೇಲೆ ಬೆರಳ ತುದಿಯಿಂದ ಉಪ್ಪುನೀರಿನ ಹನಿ, ಆಮೇಲೆ ಬೆರಳುಗಳನ್ನು ಅಗಲಿಸಿ ಸುತ್ತುವುದು. ಸುತ್ತುತ್ತ ಸುತ್ತುತ್ತ ರವೆ ಒಂದಕ್ಕೊಂದು ಅಂಟಿ ಸಾಸಿವೆಯಷ್ಟು ದುಂಡನೆಯ ಕಾಳಾಗುತ್ತಿತ್ತು. ಅದೇ ಕುಸ್ಕುಸ್. ತೂತಿನ ಪಾತ್ರೆಯಲ್ಲಿ ಅದನ್ನು ಹಬೆಗೆ ಇಟ್ಟು, ಹಬೆ ಸೋರದಂತೆ ಸಂದಿಗೆ ಕಣಕ ಮೆತ್ತಿ, ಬೆಂದ ಮೇಲೆ ಮೀನಿನ ಸಾರು ಹೊಯ್ದು ಮುಚ್ಚಿಡುತ್ತಿದ್ದಳು. ಸಾರೊ ಮೆಟ್ಟಿಲು ಹತ್ತುವಾಗಲೇ "ಏ ವೀತಾ, ಕೆಳಗಿನ ಬೀದಿಯೆಲ್ಲ ನನ್ನ ಊಟದ ವಾಸನೆ!" ಎಂದು ಕೂಗುತ್ತಿದ್ದ.

ಮಗ ಪಿಯೆತ್ರೊ ಇನ್ನೂ ಚಿಕ್ಕವನಿದ್ದಾಗ, ಒಂದು ಚಳಿಗಾಲ ದೋಣಿ ಬರಲಿಲ್ಲ. ವೀತಾ ರವೆ ಸುತ್ತುತ್ತಲೇ ಇದ್ದಳು. ಮಧ್ಯಾಹ್ನ ನೆರೆಯ ಹೆಂಗಸರು ಕರಿಯ ಶಾಲು ಹೊದ್ದು ಬಾಗಿಲಿಗೆ ಬಂದು ನಿಂತರು.

"ವೀತಾ, ಕೈ ತೊಳಕೋ" ಎಂದಳು ಅವರಲ್ಲಿ ಹಿರಿಯಳು.

"ರವೆ ಇನ್ನೂ ಮುಗಿದಿಲ್ಲ."

"ದೋಣಿಯ ಹಲಗೆ ಸಿಕ್ಕಿದೆಯಂತೆ, ಮಗಳೇ."

"ಹಲಗೆ ತಾನೆ? ನನ್ನ ಗಂಡನೇನು ಹಲಗೆಯೇ?"

ಸಾವಾದ ಮನೆಯಲ್ಲಿ ಇಲ್ಲಿಯೂ ಒಲೆ ಹಚ್ಚುವುದಿಲ್ಲ. ನೆರೆಹೊರೆಯವರು ಅಡುಗೆ ಮಾಡಿ ತಂದುಕೊಡುತ್ತಾರೆ. ವೀತಾ ಆ ಪಾತ್ರೆಗಳನ್ನು ಹೊಸ್ತಿಲು ದಾಟಲು ಬಿಡಲಿಲ್ಲ. "ನನ್ನ ಒಲೆ ಉರಿಯುತ್ತಿದೆ, ಒಯ್ಯಿರಿ" ಎಂದಳು. ಆ ಊಟ ಉಂಡರೆ ಅವನು ಸತ್ತ ಎಂದು ಒಪ್ಪಿದಂತೆ. ಅವಳು ಒಪ್ಪಲಿಲ್ಲ.

ಆ ದಿನದಿಂದ ನನ್ನೊಳಗೆ ಹುಟ್ಟುವ ಕಾಳಿನ ರೂಪ ಬದಲಾಯಿತು. ಅವಳ ಬೆರಳು ಸುತ್ತುವುದರ ನಡುವೆ ನಿಂತು ಒತ್ತತೊಡಗಿತು. ಕಿವಿಯನ್ನು ಬಾಗಿಲಿಗೆ ಕೊಟ್ಟವರ ಕೈ ಹಾಗೆಯೇ. ಸುತ್ತುತ್ತ ಸುತ್ತುತ್ತ ತಡೆಯುತ್ತದೆ, ಒತ್ತುತ್ತದೆ, ಎಳೆಯುತ್ತದೆ. ಕಾಳು ಉದ್ದುದ್ದವಾಗಿ, ಎರಡೂ ತುದಿ ಚೂಪಾಗಿ ಬರುತ್ತಿತ್ತು. ಪ್ರತಿ ಶುಕ್ರವಾರ ಆ ಉದ್ದನೆಯ ಕಾಳನ್ನು ಬೇಯಿಸಿ, ಮೇಜಿನ ತಲೆಯಲ್ಲಿ, ಮನೆಯ ಯಜಮಾನ ಕೂರುವ ಜಾಗದಲ್ಲಿ, ಸಾರೊನ ತಟ್ಟೆಗೆ ಬಡಿಸಿ ಕಾಯುತ್ತಿದ್ದಳು. ಅವಳ ತಲೆ ನರೆಯುವವರೆಗೂ ಹಾಗೇ.

ಮಗ ಪಿಯೆತ್ರೊ ದೊಡ್ಡವನಾಗಿ ನೂನ್ಸಿಯಾ ಎಂಬವಳನ್ನು ಮದುವೆಯಾಗಿ ಕರೆತಂದ. ಸೊಸೆ ಒಮ್ಮೆ ನನ್ನೊಳಗೆ ಕೈ ಚಾಚಿದಾಗ ವೀತಾ ಅವಳ ಮಣಿಕಟ್ಟು ಹಿಡಿದಳು. "ಬೇರೆ ಕೈ ಬಿದ್ದರೆ ಅವನಿಗೆ ಮನೆಯ ಗುರುತು ಸಿಗುವುದಿಲ್ಲ" ಎಂದಳು. ಅಂದಿನಿಂದ ನೂನ್ಸಿಯಾ ಕುಸ್ಕುಸ್ ಮಾಡುವುದನ್ನು ಕಲಿತದ್ದು ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ದೂರದಿಂದ.

ವೀತಾ ಮುದುಕಿಯಾಗಿ ಸತ್ತಳು. ಕೊನೆಯ ದಿನಗಳಲ್ಲಿಯೂ ಅವಳ ಬೆರಳು ಹೊದಿಕೆಯ ಅಂಚನ್ನು ಹೊಸೆಯುತ್ತಿತ್ತಂತೆ. ಕಪಾಟಿನ ಮೇಲೆ ಬಟ್ಟೆ ಮುಚ್ಚಿ ನನ್ನನ್ನು ಇಟ್ಟರು.

ಆಫ್ರಿಕದ ಕಡೆಯಿಂದ ಬಿಸಿಗಾಳಿ ಬೀಸುವ ದಿನಗಳಲ್ಲಿ ಆ ಬಟ್ಟೆಯ ಕೆಳಗೆ, ನನ್ನ ಖಾಲಿ ಮೈಯೊಳಗೆ, ಒಣ ರವೆಯಲ್ಲಿ ಬೆರಳಾಡಿಸಿದ ಸದ್ದು ಬರುತ್ತಿತ್ತು. ಮೊದಲು ಗಾಳಿಯೆಂದುಕೊಂಡೆ. ಮನೆಯವರೂ ಗಾಳಿಯೆಂದೇ ಹೇಳಿಕೊಂಡರು. ಆದರೆ ಆ ಸದ್ದಾದಾಗ ಯಾರೂ ಅಡುಗೆಮನೆಗೆ ಬರುತ್ತಿರಲಿಲ್ಲ.

ಮಕ್ಕಳು ಬೆಳೆದು ತಮ್ಮ ತಮ್ಮ ಮನೆ ಮಾಡಿಕೊಂಡ ಮೇಲೆ ನೂನ್ಸಿಯಾಳಿಗೆ ಒಂದು ಆಸೆ ಹುಟ್ಟಿತು. ಆ ಅಡುಗೆಮನೆಯಲ್ಲಿ ಯಾರಾದರೂ ಗಟ್ಟಿಯಾಗಿ ನಗಬೇಕು. ಪ್ರವಾಸಿಗರಿಗೆ ಮನೆಯಲ್ಲೇ ಸಿಸಿಲಿಯ ಅಡುಗೆ ಕಲಿಸುತ್ತೇನೆಂದು ಅವಳು ಬೋರ್ಡು ಹಾಕಿದಳು. ನನ್ನನ್ನು ಕೆಳಗಿಳಿಸಿ ತೊಳೆದು, ರವೆ ಸುರಿದು, ಮೊದಲ ಸಲ ಕೈಯಿಟ್ಟಳು. ಇಟ್ಟವಳೇ ಕೈ ಹಿಂದಕ್ಕೆ ಎಳೆದು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಅವಳ ಕೈಯ ಕೆಳಗೆ, ನನ್ನ ಮೈಗೆ ತಾಗಿದಂತೆ, ಇನ್ನೊಂದು ಕೈ ಆಡುತ್ತಿತ್ತು.

ಮನುಷ್ಯರು ಯಾವುದಕ್ಕೂ ಒಗ್ಗಿಕೊಳ್ಳುತ್ತಾರೆ. ನೂನ್ಸಿಯಾಳೂ ಒಗ್ಗಿಕೊಂಡಳು. ಅವಳು ಸುತ್ತಿದ ದುಂಡು ಕಾಳುಗಳ ನಡುವೆ ಪ್ರತಿಸಲ ಒಂದಿಷ್ಟು ಉದ್ದನೆಯವು ಸಿಗುತ್ತಿದ್ದವು. ಬಂದವರು ಫೋಟೋ ತೆಗೆಯುವುದರಲ್ಲಿ ಇರುವಾಗ ಅವನ್ನು ಮೆಲ್ಲಗೆ ಆರಿಸಿ ಏಪ್ರನ್ನಿನ ಜೇಬಿಗೆ ಹಾಕಿಕೊಳ್ಳುತ್ತಿದ್ದಳು. ಗಂಡನಿಗೂ ಹೇಳಲಿಲ್ಲ.

ಹೀಗಿರುವಾಗ ಒಂದು ದಿನ ಗದಗಿನಿಂದ ಇಬ್ಬರು ಹೆಂಗಸರು ಬಂದರು. ಅಕ್ಕ ನೀಲಾಂಬಿಕಾ, ತಂಗಿ ಮಂಗಲಾ. ಅಕ್ಕನದು ಇಳಕಲ್ ಸೀರೆಯ ಮೇಲೆ ಸ್ವೆಟರು, ಹಣೆಯಲ್ಲಿ ಕುಂಕುಮ, ಬಾಯಲ್ಲಿ ಮಾತಿಲ್ಲ. ತಂಗಿಯದು ಇಬ್ಬರ ಪಾಲಿನ ಮಾತು. ನೂನ್ಸಿಯಾ ಬದನೆಕಾಯಿ ಕರಿದು ಅದಕ್ಕೆ ವಿನೆಗರು, ಸಕ್ಕರೆ ಹಾಕಿದಾಗ ಮಂಗಲಾ ಕಣ್ಣರಳಿಸಿದಳು. "ನೋಡಕ್ಕಾ, ಬದನೀಕಾಯಿಗೆ ಸಕ್ಕರಿ ಹಾಕ್ತಾಳ ಈಕಿ! ನಮ್ಮೂರಾಗ ಹಿಂಗ ಮಾಡಿದ್ರ ಅತ್ತಿ ತವರಿಗೆ ಕಳಿಸ್ತಿದ್ಲು." ಅಕ್ಕ ತುಸು ನಕ್ಕಳು.

ತಾವು ಮೀನು ತಿನ್ನುವುದಿಲ್ಲ, ತರಕಾರಿ ಸಾರು ಸಾಕು ಎಂದು ಮಂಗಲಾ ತಿಳಿಸಿದಾಗ ನೂನ್ಸಿಯಾ ಹಣೆ ಹಣೆ ಚಚ್ಚಿಕೊಂಡಳು. "ಮೀನಿಲ್ಲದ ಕುಸ್ಕುಸ್! ನನ್ನ ಅತ್ತೆ ಕೇಳಿದ್ದರೆ ಗೋರಿಯಿಂದ ಎದ್ದು ಬರುತ್ತಿದ್ದಳು" ಎಂದು ನಕ್ಕಳು. ನಕ್ಕು, ಒಮ್ಮೆ ನನ್ನ ಕಡೆ ನೋಡಿದಳು.

ರವೆ ಸುರಿದಾಯಿತು. "ಅಕ್ಕಾ, ಬಾ, ಕೈ ಹಾಕು."

"ನೀ ಮಾಡು. ನಾ ನೋಡ್ತೀನಿ."

ಮಂಗಲಾಳೇ ಕೈ ಹಾಕಿದಳು. ಅವಳ ಕೈಯಿಂದ ಅಕ್ಕನ ಕಥೆ ನನ್ನೊಳಕ್ಕೆ ಇಳಿಯಿತು. ನೀಲಾಳ ಗಂಡ, ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದಾಗ, ಹುಬ್ಬಳ್ಳಿಗೆ ಹೋಗಿ ಬರ್ತೀನಿ ಎಂದು ಬೆಳಗಿನ ಬಸ್ಸು ಹತ್ತಿದವನು ಬರಲಿಲ್ಲ. ಹೆಣವೂ ಸಿಗಲಿಲ್ಲ, ಸುದ್ದಿಯೂ ಸಿಗಲಿಲ್ಲ. ನೀಲಾ ದಿನಾ ಕುಂಕುಮ ಇಟ್ಟುಕೊಂಡಳು, ದಿನಾ ಒಂದು ರೊಟ್ಟಿ ತೆಗೆದಿಟ್ಟಳು. ಈಗ ಆ ಮಗಳು ಸ್ಫೂರ್ತಿಯ ಮದುವೆ. ಅವರ ಕಡೆ ಮದುವೆಯ ಪಾಯಸಕ್ಕೆ ರವೆಯ ಕಣಕವನ್ನು ಬೆರಳಲ್ಲಿ ಹೊಸೆದು ಸೌತೆಬೀಜದಂಥ ಕಾಳು ಮಾಡುತ್ತಾರೆ. ಮೊದಲು ಕೈ ಹಚ್ಚುವವರು ಐದು ಮಂದಿ ಮುತ್ತೈದೆಯರು. ನೀಲಾಳ ನೆಗೆಣ್ಣಿ ಎಲ್ಲರೆದುರು ಕೇಳಿಬಿಟ್ಟಿದ್ದಳು: "ನೀ ಹಿಟ್ಟಿಗೆ ಕೈ ಹಚ್ಚಾಕಿ ಏನು, ಒಲ್ಲಿ ಏನು? ಮೈದುನ ಅದಾನೋ ಇಲ್ಲೋ, ನೀನ ಹೇಳಿಬಿಡು." ಅದಾನ ಎನ್ನಲು ಎದೆಯಿಲ್ಲ, ಇಲ್ಲ ಎನ್ನಲು ನಾಲಿಗೆಯಿಲ್ಲ. ನೀಲಾ ಎದ್ದು ಒಳಗೆ ಹೋದಳು. ತನ್ನ ಮದುವೆಯ ಹೊತ್ತಿಗೂ ಅವ್ವನಿಗೆ ಅಪ್ಪನದೇ ಧ್ಯಾನವೆಂದು ಮಗಳು ಮಾತು ಬಿಟ್ಟಳು. ಇವಳನ್ನು ಇಷ್ಟು ದೂರ ಎಳೆದುಕೊಂಡು ಬಂದದ್ದು ತಂಗಿ.

ಮಂಗಲಾಳ ಕೈಗೆ ಕೆಲಸ ಬರಲಿಲ್ಲ. ನೀರು ಹೆಚ್ಚಾಗಿ ರವೆ ಉಂಡೆ ಕಟ್ಟಿತು. "ವಿಮಾನ ಹತ್ತಿ ಬಂದು ರವಾ ಹೊಸಿಯೂದು ಕಲಿಯಾಕತ್ತೀವಿ. ನಮ್ಮವ್ವ ಕೇಳಿದ್ರ ಬಿದ್ದು ಬಿದ್ದು ನಗ್ತಿದ್ಲು" ಎಂದು ತಾನೇ ನಕ್ಕಳು.

ನೀಲಾಳಿಗೆ ತಡೆಯಲಾಗಲಿಲ್ಲ. "ಹಂಗಲ್ಲ ಅದು! ಉಂಡಿ ಕಟ್ಟಾಕತ್ತಿ. ಸರಿ ಆ ಕಡೆ" ಎಂದವಳೇ ತಂಗಿಯನ್ನು ಮೊಣಕೈಯಿಂದ ತಳ್ಳಿ, ಸೆರಗು ಸಿಕ್ಕಿಸಿ, ಎರಡೂ ಕೈ ನನ್ನೊಳಗಿಟ್ಟಳು.

ಅಷ್ಟು ವರ್ಷ ನಾನು ಎಷ್ಟೋ ಪ್ರವಾಸಿಗರ ಕೈ ಕಂಡಿದ್ದೆ. ಇಂಥ ಕೈ ಒಂದೇ ಒಂದು ಕಂಡಿದ್ದೆ. ಬೆರಳು ಸುತ್ತಿತು, ತಡೆಯಿತು, ಒತ್ತಿತು, ಎಳೆಯಿತು. ಕಾಳುಗಳು ಉದ್ದುದ್ದವಾಗಿ, ಎರಡೂ ತುದಿ ಚೂಪಾಗಿ ನನ್ನ ಇಳಿಜಾರಿನಲ್ಲಿ ಜಾರತೊಡಗಿದವು.

"ಅಕ್ಕಾ, ಸವತೀಬೀಜ ಮಾಡಾಕತ್ತಿಯಲ್ಲ!" ಎಂದಳು ಮಂಗಲಾ.

ನೂನ್ಸಿಯಾಳ ಮುಖದ ಬಣ್ಣ ಇಳಿಯಿತು. ಅವಳು ಜೇಬಿಗೆ ಕೈ ಹಾಕಿ ಹಿಂದಿನ ಪಾಠದಲ್ಲಿ ಆರಿಸಿಟ್ಟಿದ್ದ ಕಾಳುಗಳನ್ನು ತೆಗೆದು ನೀಲಾ ಮಾಡಿದವುಗಳ ಪಕ್ಕದಲ್ಲಿ ಇಟ್ಟಳು. ಯಾವುದು ಯಾರದೆಂದು ಹೇಳುವಂತಿರಲಿಲ್ಲ.

"ಇದು ನನ್ನ ಅತ್ತೆಯ ಕಾಳು. ನಿಮ್ಮ ಅಕ್ಕ ಯಾರಿಗಾಗಿ ಕಾಯುತ್ತಿದ್ದಾಳೆ?" ಎಂದು ತನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದಳು.

ಮಂಗಲಾ ಹೇಳಿದಳು. ಆಮೇಲೆ ನೂನ್ಸಿಯಾ ವೀತಾಳ ಕಥೆ ಹೇಳಿದಳು. ತಂಗಿ ಅದನ್ನು ಅಕ್ಕನಿಗೆ ಕನ್ನಡದಲ್ಲಿ ಹೇಳುತ್ತ ಬಂದಳು. ದೋಣಿ, ಹಲಗೆ, ಮೇಜಿನ ತಲೆಯ ತಟ್ಟೆ. "ನನ್ನ ಗಂಡ ಈಗಲೂ ಮಾತಿನ ನಡುವೆ ನಿಲ್ಲಿಸಿಬಿಡುತ್ತಾನೆ. ಚಿಕ್ಕಂದಿನಲ್ಲಿ ಅವನು ಬಾಯಿ ತೆರೆದರೆ ಅತ್ತೆ, ಶ್, ಸುಮ್ಮನಿರು, ಅಪ್ಪ ಬಂದ ಹಾಗಾಯಿತು ಎನ್ನುತ್ತಿದ್ದಳಂತೆ." ಅಷ್ಟು ಹೇಳಿ ನೂನ್ಸಿಯಾ ಮತ್ತೊಂದು ಮಾತು ಸೇರಿಸಿದಳು. ಮಂಗಲಾ ಅದನ್ನು ಹೇಳದೆ ಕಿಟಕಿಯ ಕಡೆ ತಿರುಗಿದಳು.

"ಮಂಗಲಾ, ಏನಂದ್ಲು ಆಕಿ?"

"ಏನಿಲ್ಲ ಬಿಡಕ್ಕಾ."

"ಹೇಳು."

"ಹುಡುಗನ ಅಪ್ಪ ಒಬ್ಬನ ಹೋಗಲಿಲ್ಲಂತ. ಎದುರಿಗೆ ಕುಂತಿದ್ದ ಅವ್ವನೂ ಅವನ ಹಿಂದನ ಹೋದ್ಲಂತ."

ನೀಲಾಳ ಕೈ ನನ್ನೊಳಗೇ ನಿಂತಿತು. ಆಗಲೇ ಕೆಳಗಿದ್ದ ವೀತಾಳ ಕೈ ಅದನ್ನು ಹಿಡಿಯಿತು. ಪರಕೀಯರ ಕೈಗಳನ್ನು ಅದು ಯಾವತ್ತೂ ಮುಟ್ಟಿರಲಿಲ್ಲ, ಇದನ್ನು ಹಿಡಿದುಕೊಂಡಿತು. ಸಮುದ್ರದ ತಳದಷ್ಟು ತಣ್ಣನೆಯ ಹಿಡಿತ. ಜೊತೆಯವಳು ಸಿಕ್ಕಳೆಂಬ ಆನಂದವಿತ್ತು ಅದರಲ್ಲಿ. ನನಗೆ ಹೆದರಿಕೆಯಾಯಿತು. ಇವಳನ್ನು ಅದು ಬಿಡುವುದಿಲ್ಲ, ಇವಳಿಗೂ ಬಿಡಿಸಿಕೊಳ್ಳುವ ಮನಸ್ಸಿಲ್ಲ ಎನ್ನಿಸಿತು. ನೀಲಾ ಕಣ್ಣು ಮುಚ್ಚಿದ್ದಳು. ಅವಳೊಳಗೆ ಬಸ್ ಸ್ಟ್ಯಾಂಡು, ಧೂಳು, ಗಂಡನ ಬಿಳಿ ಅಂಗಿಯ ಬೆನ್ನು. ಆ ಬೆನ್ನಿನ ಹಿಂದೆ ಎಲ್ಲೋ ಮಗಳು ಊಟಕ್ಕೆ ಕೂತಿದ್ದಳು. ಮಗಳ ಮುಖ ಮಸುಕಾಗಿತ್ತು. ನೀಲಾ ಆ ಮುಖವನ್ನು ನೆನಪಿಸಿಕೊಳ್ಳಲು ಹೆಣಗಿದಳು.

ಆಮೇಲೆ ಬಹಳ ಮೆಲ್ಲಗೆ, ಯಾರೋ ಹಿರಿಯರಿಗೆ ಹೇಳುವಂತೆ, ರವೆಯ ಕಡೆಗೆ ಬಗ್ಗಿ ಹೇಳಿದಳು: "ಕೈ ಬಿಡು ಯವ್ವಾ. ಮಗಳ ಮದುವಿ ಐತಿ."

ಹಿಡಿತ ಸಡಿಲಾಗಲು ಹೊತ್ತು ಹಿಡಿಯಿತು. ಸಡಿಲಾಯಿತು.

ನೀಲಾ ಕೈ ತೊಳೆದುಕೊಂಡಳು. ಅಂದು ನೂನ್ಸಿಯಾ ಒಂದು ಉದ್ದನೆಯ ಕಾಳನ್ನೂ ಆರಿಸಿ ತೆಗೆಯಲಿಲ್ಲ. ಎಲ್ಲವನ್ನೂ ಹಬೆಗಿಟ್ಟು, ತರಕಾರಿ ಸಾರು ಹೊಯ್ದು, ಗಂಡನನ್ನೂ ಕರೆದು ಕೂರಿಸಿದಳು. ಮೇಜಿನ ತಲೆಯಲ್ಲಿ ಕೂತದ್ದು ಪಿಯೆತ್ರೊ. ಅವನು ಏನೋ ಹೇಳಲು ಶುರುಮಾಡಿ ಅಭ್ಯಾಸದಂತೆ ನಿಲ್ಲಿಸಿದ. ನೀಲಾ ತಟ್ಟೆಯಿಂದ ತಲೆಯೆತ್ತಿ, "ಹೇಳ್ರಿ, ಹೇಳ್ರಿ" ಎಂದಳು ಕನ್ನಡದಲ್ಲೇ. ಅವನಿಗೆ ಅರ್ಥವಾಯಿತೋ ಏನೋ, ಮುಗಿಸಿದ. ಉಪ್ಪು ಕಡಿಮೆಯಾಗಿದೆ ಎಂದಷ್ಟೇ ಅವನ ಮಾತು. ಎಲ್ಲರೂ ನಕ್ಕರು. ನೂನ್ಸಿಯಾ ನಗುತ್ತ ನಗುತ್ತ ಅಳತೊಡಗಿದಳು.

ಬೇಸಿಗೆಗೆ ಮೊದಲು, ನೂನ್ಸಿಯಾಳ ಒಂದು ಕೈ ನನ್ನೊಳಗಿದ್ದಾಗ, ಇನ್ನೊಂದು ಕೈಯ ಫೋನಿಗೆ ಮಂಗಲಾ ಕಳಿಸಿದ ಫೋಟೋ ಬಂತು. ಚಾಪೆಯ ಮೇಲೆ ಹೆಂಗಸರು ಒತ್ತಾಗಿ ಕೂತಿದ್ದಾರೆ. ಎಷ್ಟು ಮಂದಿ ಎಂದು ಯಾರೂ ಎಣಿಸಿದಂತಿಲ್ಲ. ನಡುವೆ ನೀಲಾ, ಅವಳ ಭುಜಕ್ಕೆ ಗಲ್ಲವೂರಿದ ಒಬ್ಬ ಹುಡುಗಿ. ಹಣೆಯಲ್ಲಿ ಕುಂಕುಮವಿದೆಯೇ ಎಂದು ನೂನ್ಸಿಯಾ ಫೋಟೋ ಹಿಗ್ಗಿಸಿ ನೋಡಿದಳು. ನೀಲಾ ಹಿಟ್ಟಿನ ಪರಾತದ ಮೇಲೆ ಬಗ್ಗಿದ್ದಳು, ಹಣೆ ಕಾಣಲಿಲ್ಲ. ಹಿಟ್ಟು ಮೆತ್ತಿದ ಕೈಗಳು ಕಂಡವು.

ಮುಂದಿನ ಚಳಿಗಾಲದಲ್ಲಿ ನನ್ನ ತಳಕ್ಕೆ ಬಿರುಕು ಬಿಟ್ಟಿತು. ನೂನ್ಸಿಯಾ ಹೊಸ ಬೋಗುಣಿ ತಂದಳು. ಅದರಲ್ಲಿ ಅವಳ ಕಾಳು ದುಂಡಗೆ ಬರುತ್ತದೆ. ನನ್ನನ್ನು ಎಸೆಯಲು ಮನಸ್ಸು ಬಾರದೆ ತಾರಸಿಯ ಮೂಲೆಯಲ್ಲಿ ತಂದಿಟ್ಟಿದ್ದಾಳೆ. ಇಲ್ಲಿಂದ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ರಸ್ತೆ.

ಈಗ ನನ್ನೊಳಗೆ ಎರಡು ಕೈಗಳಿವೆ. ವೀತಾ ಹೋಗಲಿಲ್ಲ. ನೀಲಾ ಹೋದಳು, ಆದರೆ ಅಷ್ಟು ವರ್ಷ ಬಾಗಿಲಿಗೆ ಕಿವಿಗೊಟ್ಟ ಆ ಕೈಯನ್ನು ಇಲ್ಲಿ ಬಿಟ್ಟು ಹೋದಳು. ಕಾಯುವುದು ಸುಮ್ಮನೆ ಇಲ್ಲವಾಗುವುದಿಲ್ಲವೆಂದು ಕಾಣುತ್ತದೆ. ಒಬ್ಬರು ಇಳಿಸಿದರೆ ಇನ್ನೊಬ್ಬರು ಹಿಡಿದುಕೊಳ್ಳಬೇಕು. ನಾನು ಬೋಗುಣಿ, ಹಿಡಿದುಕೊಂಡಿದ್ದೇನೆ.

ಗಾಳಿ ಬೀಸಿದಾಗ ಎರಡೂ ಕೈಗಳು ಇಲ್ಲದ ರವೆಯನ್ನು ಸುತ್ತುತ್ತವೆ. ಬಂದರಿನಲ್ಲಿ ದೋಣಿ ಕೂಗಿದರೆ ಒಂದು ನಿಲ್ಲುತ್ತದೆ. ಕೆಳಗಿನ ರಸ್ತೆಯಲ್ಲಿ ಬಸ್ಸು ನಿಂತರೆ ಇನ್ನೊಂದು. ಯಾರೋ ಇಳಿಯುತ್ತಾರೆ, ಯಾರೋ ನಡೆದು ಹೋಗುತ್ತಾರೆ. ಮತ್ತೆ ಸುತ್ತತೊಡಗುತ್ತವೆ.