ಕಿವಿಗೋಲು

"ಇದನ್ನ ಒಳಗೆ ಬಿಡೋಕಾಗಲ್ಲ," ಎಂದಳು ಸುರಂಗ ರೈಲಿನ ನಿಲ್ದಾಣದ ಬಾಗಿಲಲ್ಲಿ ನಿಂತಿದ್ದ ಕಾವಲಿನ ಹೆಂಗಸು. "ಕಬ್ಬಿಣದ ಸಲಾಕೆ. ಆಯುಧದ ಲೆಕ್ಕಕ್ಕೆ ಬರುತ್ತೆ."

"ಆಯುಧ ಅಲ್ಲ ತಾಯಿ, ಕಿವಿಗೋಲು," ಎಂದ ಕಿವಿಯಪ್ಪ. "ನೆಲದೊಳಗಿನ ಪೈಪು ಎಲ್ಲಿ ಸೋರ್ತಿದೆ ಅಂತ ಕೇಳೋದಕ್ಕೆ. ಹನ್ನೊಂದು ಗಂಟೆಗೆ ನೀರು ಸರಬರಾಜಿನವರ ಸಮ್ಮೇಳನದಲ್ಲಿ ಇದನ್ನ ತೋರಿಸಿ ಮಾತಾಡಬೇಕು. ನೋಡಿ, ಕಾಗದ ಇದೆ."

ಅವಳು ಆಹ್ವಾನದ ಕಾಗದವನ್ನು ಓದಿದಳು. ಎದೆಯೆತ್ತರದ ಸಲಾಕೆಯನ್ನೂ ಅದರ ತುದಿಗೆ ಕೂರಿಸಿದ್ದ ಮರದ ಬಟ್ಟಲನ್ನೂ ತಿರುಗಿಸಿ ನೋಡಿದಳು. ಹಿಂದೆ ಸಾಲು ಬೆಳೆಯುತ್ತಿತ್ತು.

"ಮಡಚೋಕಾಗುತ್ತಾ?"

"ಮಡಚಿದ್ರೆ ನನ್ನ ಕಿವೀನೇ ಮಡಚಿದ ಹಾಗೆ."

ಅವಳಿಗೆ ನಗು ಬಂತು. ಆದರೆ ನಿಯಮ ನಿಯಮವೇ. "ಮೇಲೆ ಹೋಗಿ, ನಲವತ್ತೊಂದನೇ ನಂಬರಿನ ಬಸ್ಸು ಹಿಡೀರಿ. ಸಮ್ಮೇಳನ ಭವನ ಹನ್ನೆರಡನೇ ಸ್ಟಾಪು. ಎಣಿಸ್ಕೊಂಡು ಕೂತಿರಿ, ಆ ಕಡೆ ಈ ಕಡೆ ನೋಡಬೇಡಿ."

ಆ ಕಡೆ ಈ ಕಡೆ ನೋಡದೆ ಇರುವುದು ಹೇಗೆ? ಬಸ್ಸು ಹೊರಟ ಹತ್ತು ನಿಮಿಷಕ್ಕೆ ಕಿವಿಯಪ್ಪನಿಗೆ ಎಣಿಕೆ ತಪ್ಪಿತು. ರಸ್ತೆಯ ಮೇಲೆ ಸೇತುವೆ, ಆ ಸೇತುವೆಯ ಮೇಲೊಂದು ಸೇತುವೆ, ಅದರ ನೆತ್ತಿಯ ಮೇಲೆ ರೈಲು. ಗಾಜಿನ ಕಟ್ಟಡಗಳ ತುದಿ ನೋಡಬೇಕಾದರೆ ಕಿಟಕಿಗೆ ಕೆನ್ನೆ ಒತ್ತಿ ಮೇಲೆ ನೋಡಬೇಕು. ಒಂದೊಂದು ಕಟ್ಟಡದಲ್ಲೂ ಅವನ ಇಡೀ ಊರು ಹಿಡಿಸೀತು. ಇಷ್ಟು ಜನರಿಗೆ ಬೆಳಿಗ್ಗೆ ಎದ್ದು ಮುಖ ತೊಳೆಯಲು ನೀರು ಎಲ್ಲಿಂದ ಬರುತ್ತದೆ, ಯಾರು ಬಿಡುತ್ತಾರೆ, ಎಷ್ಟು ಗಂಟೆಗೆ ಬಿಡುತ್ತಾರೆ ಎಂದು ಯೋಚಿಸುತ್ತ ಅವನು ಬಾಯಿ ತೆರೆದುಕೊಂಡೇ ಕೂತಿದ್ದ.

ತನ್ನ ಸಣ್ಣ ಊರಿನ ನೀರು ಸರಬರಾಜಿನಲ್ಲಿ ಅವನಿಗೆ ಮೂವತ್ತೊಂದು ವರ್ಷದ ನೌಕರಿ. ಕೋಲಿನ ಒಂದು ತುದಿಯನ್ನು ನೆಲಕ್ಕೂರಿ, ಮರದ ಬಟ್ಟಲಿಗೆ ಕಿವಿಯಿಟ್ಟು, ಸೋರುವ ಜಾಗವನ್ನು ಗೇಣು ಅಂತರದಲ್ಲಿ ಹೇಳಿಬಿಡುತ್ತಿದ್ದ. ಊರಿನವರು ಕಿವಿಯಪ್ಪ ಎಂದು ಕರೆಯಲು ಶುರು ಮಾಡಿದ ಮೇಲೆ ನಿಜವಾದ ಹೆಸರು ಕಚೇರಿಯ ಕಡತದಲ್ಲಷ್ಟೇ ಉಳಿದಿತ್ತು. ಅವನ ಸಾಹೇಬರು ಅವನ ವಿಷಯ ಬರೆದು ಕಳಿಸಿದ್ದಕ್ಕೆ ಸಮ್ಮೇಳನದವರು ಹತ್ತು ನಿಮಿಷ ಕೊಟ್ಟಿದ್ದರು. ಶಾಲೆಯಲ್ಲಿ ಪಾಠ ಹೇಳುವ ಮಗಳು ನಾಲ್ಕು ಹಾಳೆ ಭಾಷಣ ಬರೆದುಕೊಟ್ಟು, ಗಡಿಯಾರ ಮುಂದಿಟ್ಟು ಒಂದು ವಾರ ಓದಿಸಿದ್ದಳು. ಹೆಂಡತಿ ಮಾತ್ರ, "ಇವರು ಕೇಳೋದಕ್ಕೆ ಹುಟ್ಟಿದವರು, ಮಾತಾಡೋದಕ್ಕಲ್ಲ," ಎಂದು ನಕ್ಕಿದ್ದಳು.

ಹನ್ನೆರಡು ಸ್ಟಾಪು ಆಗಿರಬೇಕು ಎಂದುಕೊಂಡು ಇಳಿದದ್ದು ಒಂಬತ್ತನೇ ಸ್ಟಾಪಿನಲ್ಲಿ. ನಾಲ್ಕು ದೊಡ್ಡ ರಸ್ತೆಗಳು ಬಂದು ಕೂಡುವ ಜಾಗ. ಗದ್ದಲವೆಂದರೆ ಕಿವಿಯ ತಮಟೆ ಹರಿಯಬೇಕು. ದಾರಿ ಕೇಳೋಣವೆಂದು ಮುಖ ಹುಡುಕುತ್ತಿದ್ದವನಿಗೆ ಮೊದಲು ಕಂಡದ್ದು ಮನುಷ್ಯರಲ್ಲ, ನೀರು. ಚುರುಗುಟ್ಟುವ ಬಿಸಿಲಿನಲ್ಲಿ ರಸ್ತೆಯಂಚಿಗೆ ತೆಳ್ಳಗೆ ಹರಿಯುತ್ತಿತ್ತು. ಪಕ್ಕದಲ್ಲಿ ಮೂರು ಗುಂಡಿ ತೋಡಿದ್ದರು. ಹಳದಿ ಅಂಗಿಯ ಕೆಲಸದವರು ಮಣ್ಣಿನ ರಾಶಿಯ ಮೇಲೆ ಕೈಚೆಲ್ಲಿ ಕೂತಿದ್ದರು. ಒಬ್ಬ ತಲೆಗೆ ಹೆಡ್‌ಫೋನ್ ಹಾಕಿಕೊಂಡು ಯಂತ್ರದ ಮುಂದೆ ಕಣ್ಣು ಮುಚ್ಚಿ ನಿಂತಿದ್ದ.

ಕಿವಿಯಪ್ಪ ಯಾರನ್ನೂ ಕೇಳಲಿಲ್ಲ. ವಾಲ್ವಿನ ಮುಚ್ಚಳ ತೆರೆದಿತ್ತು. ಕೈ ತಾನಾಗಿಯೇ ಕೋಲನ್ನು ಅದರೊಳಗಿನ ಕಬ್ಬಿಣಕ್ಕೆ ಊರಿತು, ತಲೆ ತಾನಾಗಿಯೇ ಬಗ್ಗಿತು.

ಅವನ ಊರಿನ ಪೈಪಿನಲ್ಲಿ ನೀರು ಪಿಸುಗುಟ್ಟುತ್ತಿತ್ತು. ಇಲ್ಲಿ ಒಂದು ದೊಡ್ಡ ಪ್ರಾಣಿ ಎಲ್ಲೋ ಆಳದಲ್ಲಿ ಮಲಗಿ ಉಸಿರಾಡುತ್ತಿದ್ದಂತಿತ್ತು. ಆ ಉಸಿರಿಗೆ ಕೊನೆಯೇ ಇರಲಿಲ್ಲ.

"ಏಯ್, ಯಾರ್ರೀ ನೀವು?" ಆ ಕೆಲಸದವರ ಮೇಸ್ತ್ರಿಣಿ ಓಡಿ ಬಂದಳು. ನಲವತ್ತರ ಗಟ್ಟಿ ಹೆಂಗಸು, ಕೊರಳಲ್ಲಿ ಸೀಟಿ, ಮೊಣಕಾಲಿನವರೆಗೆ ಕೆಸರು.

"ನಾನೂ ನಿಮ್ಮ ಕಸುಬಿನವನೇ, ಹನ್ನೊಂದಕ್ಕೆ ಸಮ್ಮೇಳನದಲ್ಲಿ ಮಾತಾಡೋಕೆ ಬಂದೋನು," ಎಂದ ಕಿವಿಯಪ್ಪ ತಲೆ ಎತ್ತದೆ. "ಎಷ್ಟು ದಪ್ಪ ಇದೆ ಈ ಪೈಪು?"

"ಒಬ್ಬ ಮನುಷ್ಯ ಬಗ್ಗದೆ ಒಳಗೆ ನಡೀಬಹುದು."

ಅವನು ಆಗ ತಲೆ ಎತ್ತಿದ. "ನಡೀಬಹುದಾ!"

ಅವನ ಮುಖ ನೋಡಿ ಅವಳ ಸಿಟ್ಟು ಅರ್ಧ ಇಳಿಯಿತು. ಮೂರು ದಿನದಿಂದ ಹುಡುಕುತ್ತಿದ್ದಾರೆ. ನೀರು ಮೇಲೆ ಬಂದ ಕಡೆಯೆಲ್ಲ ಅಗೆದರು, ಪೈಪು ಗಟ್ಟಿಯಾಗಿದೆ. ಈ ಗದ್ದಲದಲ್ಲಿ ಯಂತ್ರಕ್ಕೆ ಬಸ್ಸು ಯಾವುದು, ನೀರು ಯಾವುದು ತಿಳಿಯುತ್ತಿಲ್ಲ. ಹನ್ನೆರಡು ಗಂಟೆಯೊಳಗೆ ಸಿಗದಿದ್ದರೆ ದೊಡ್ಡ ವಾಲ್ವು ಮುಚ್ಚಿ ಎಂದು ಮೇಲಿನವರ ಆಜ್ಞೆ. "ಮುಚ್ಚಿದ್ರೆ ಒಂಬತ್ತು ಬೀದಿಗೆ ನೀರಿಲ್ಲ. ಅದರಲ್ಲಿ ಒಂದು ಹೆರಿಗೆ ಆಸ್ಪತ್ರೆ," ಎಂದಳು.

ಗಂಟೆ ಹತ್ತೂ ಕಾಲು. ಭವನಕ್ಕೆ ಇನ್ನು ಮೂರೇ ಸ್ಟಾಪು ಎಂದೂ ಅವಳೇ ಹೇಳಿದಳು, ನಡೆದರೂ ಸಮಯಕ್ಕೆ ಮುಟ್ಟಬಹುದು. ಕಿವಿಯಪ್ಪ ಜೇಬಿನ ಹಾಳೆಗಳನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ಆಮೇಲೆ ಕೋಲು ಹಿಡಿದು ರಸ್ತೆಯ ಏರಿನ ಕಡೆಗೆ ಹೊರಟ.

ಏಳೆಂಟು ಕಡೆ ಊರಿದ. ಪ್ರತಿ ಸಲ ಬಸ್ಸೊಂದು ಗುಡುಗುತ್ತ ಬಂದು ಎಲ್ಲವನ್ನೂ ಕಲಸಿಬಿಡುತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಅವನ ಕಿವಿಗೆ ಸರಿಯಾದ ಜಾಗ ಸಿಗಲಿಲ್ಲ. ಬೆವರು ಒರೆಸಿಕೊಂಡು, "ಈ ಊರು ನನಗಿಂತ ದೊಡ್ಡದು ತಂಗಿ," ಎಂದ. "ಇಲ್ಲೇ ಎಲ್ಲೋ ಇದೆ, ಇಪ್ಪತ್ತು ಹೆಜ್ಜೆಯೊಳಗೆ. ಆದ್ರೆ ನನಗೆ ಒಂದೇ ಒಂದು ನಿಮಿಷ ಸದ್ದಿಲ್ಲದೆ ಬೇಕು."

ಮೇಸ್ತ್ರಿಣಿ ಅವನನ್ನು ನೋಡಿದಳು, ನಾಲ್ಕು ರಸ್ತೆಗಳನ್ನು ನೋಡಿದಳು, ಸೀದಾ ಸಂಚಾರದ ಪೊಲೀಸನ ಹತ್ತಿರ ಹೋದಳು.

"ನಾಲ್ಕೂ ಕಡೆ ಒಂದು ನಿಮಿಷ ನಿಲ್ಲಿಸಿ. ಇಂಜಿನ್ನೂ ಆಫ್ ಆಗಬೇಕು."

"ತಲೆ ಕೆಟ್ಟಿದೆಯಾ ನಿಮಗೆ? ಬೈಗುಳ ತಿನ್ನೋನು ನಾನು."

"ಮಧ್ಯಾಹ್ನ ನೀರು ನಿಂತ್ರೆ ತಿನ್ನೋಳು ನಾನು. ಇಬ್ಬರೂ ಹಂಚ್ಕೊಳ್ಳೋಣ."

ಪೊಲೀಸ ಸ್ವಲ್ಪ ಹೊತ್ತು ಮೀಸೆ ತಡವಿಕೊಂಡ. ಕೋಲು ಹಿಡಿದು ರಸ್ತೆ ನಡುವೆ ನಿಂತಿದ್ದ ಕಿವಿಯಪ್ಪನ ಕಡೆ ನೋಡಿದ. ಏನನ್ನಿಸಿತೋ, ಪೀಪಿ ಊದಿ ಎರಡೂ ಕೈ ಎತ್ತಿದ.

ಬಸ್ಸುಗಳು ನಿಂತವು. ಅವುಗಳ ಹಿಂದೆ ಲಾರಿಗಳು, ಕಾರುಗಳು, ಲೆಕ್ಕವಿಲ್ಲದಷ್ಟು ಬೈಕುಗಳು. ಕೆಲಸದವರು ಸಾಲಿನುದ್ದಕ್ಕೂ ಓಡಿ, "ಆಫ್ ಮಾಡಿ, ನೀರಿನ ಕೆಲಸ, ಆಫ್ ಮಾಡಿ," ಎಂದು ಕೈ ಮುಗಿದರು. ಒಂದೊಂದೇ ಇಂಜಿನ್ನು ಸುಮ್ಮನಾಯಿತು. ಯಾರೋ ಹಾರನ್ನು ಒತ್ತಿದ. ಪಕ್ಕದ ಬಸ್ಸಿನ ಕಿಟಕಿಯಿಂದ ಅಜ್ಜಿಯೊಬ್ಬಳು, "ಶ್!" ಎಂದಳು. ಅದೇ ಕೊನೆಯ ಸದ್ದು.

ಕಿವಿಯಪ್ಪನ ಮೈ ನವಿರೆದ್ದಿತು. ಅಷ್ಟು ದೊಡ್ಡ ಊರು ಅವನ ಸುತ್ತ ಉಸಿರು ಬಿಗಿಹಿಡಿದು ನಿಂತಿತ್ತು. ಎತ್ತರದ ಯಾವುದೋ ಬಾಲ್ಕನಿಯಲ್ಲಿ ಒಣಗಲು ಹಾಕಿದ ಬಟ್ಟೆ ಪಟಪಟ ಬಡಿಯುವುದು ಕೇಳಿತು. ಎಲ್ಲೋ ಒಂದು ಮಗು ಕೆಮ್ಮಿತು. ನೂರಾರು ಜನ, ಒಬ್ಬರೂ ಅವನ ಹೆಸರು ತಿಳಿಯದವರು, ಅವನನ್ನೇ ನೋಡುತ್ತಿದ್ದರು. ಕೋಲು ಊರಿದ. ಪ್ರಾಣಿಯ ಉಸಿರು. ಹತ್ತು ಹೆಜ್ಜೆ ಓಡಿ ಮತ್ತೆ ಊರಿದ. ಉಸಿರಿನೊಳಗೆ ಎಳೆಯಾಗಿ ಇನ್ನೊಂದು ಸದ್ದು. ಇನ್ನೂ ನಾಲ್ಕು ಹೆಜ್ಜೆ. ಸುಯ್ಯೆಂದು, ಹರಿತವಾಗಿ, ಕಿವಿಯೊಳಗೆ ದಾರ ಎಳೆದಂತೆ ಬಂತು.

"ಇಲ್ಲಿ," ಎಂದ. ಮೇಸ್ತ್ರಿಣಿ ಅವನ ಕಾಲ ಬುಡದಲ್ಲಿ ಸುಣ್ಣ ಸುರಿದಳು. ನೀರು ಮೇಲೆ ಬಂದ ಜಾಗಕ್ಕೂ ಅದಕ್ಕೂ ಹದಿನೆಂಟು ಹೆಜ್ಜೆ.

ಪೊಲೀಸ ಕೈ ಇಳಿಸಿದ. ಊರು ಒಂದೇ ಸಲಕ್ಕೆ ಗರ್ಜಿಸಿತು.

"ನೀವಿನ್ನು ಹೊರಡಿ ಅಣ್ಣ, ಇನ್ನೂ ಹೊತ್ತಿದೆ," ಎಂದಳು ಮೇಸ್ತ್ರಿಣಿ.

"ಅಗೀರಿ, ನೋಡೇ ಹೋಗ್ತೀನಿ. ಸುಳ್ಳಾಗಿದ್ರೆ? ಗುರುತು ಹಾಕಿಸಿ ಓಡಿಹೋದ ಹಾಗಾಗುತ್ತೆ."

ಡಾಂಬರು ಒಡೆಯುವಾಗ ಹತ್ತೂ ಐವತ್ತು. ಮಗಳ ಫೋನು ಬಂತು. "ಅಪ್ಪಾ, ವೇದಿಕೆ ಹತ್ತಿದ್ಯಾ?"

"ಇಲ್ಲಮ್ಮ, ಗುಂಡಿ ಹತ್ರ ಇದೀನಿ."

"ಯಾವ ಗುಂಡಿ?"

"ಆಮೇಲೆ ಹೇಳ್ತೀನಿ. ನಿಮ್ಮಮ್ಮನಿಗೆ ಹೇಳು, ಇಲ್ಲಿ ಪೈಪಿನೊಳಗೆ ಮನುಷ್ಯ ನಡೀಬಹುದಂತೆ."

ಹನ್ನೊಂದು ಗಂಟೆ ದಾಟಿತು. ಗುಂಡಿ ಸೊಂಟದ ಆಳವಾಯಿತು, ಎದೆಯ ಆಳವಾಯಿತು, ನೀರಿನ ಸುಳಿವಿಲ್ಲ. ಹೆಡ್‌ಫೋನಿನವನು ಬೇರೆ ಕಡೆ ಮುಖ ಮಾಡಿಕೊಂಡ. ಕಿವಿಯಪ್ಪ ಗುಂಡಿಯೊಳಕ್ಕೆ ಬಗ್ಗಿ ನೋಡಿದ. ಭಾಷಣ ಹೋಯಿತು, ಈಗ ಮಾನವೂ ಹೋಗುವ ಹೊತ್ತು. ಹನ್ನೊಂದೂ ಇಪ್ಪತ್ತಕ್ಕೆ ತಳದಲ್ಲಿದ್ದವನ ಸನಿಕೆ ಟಣ್ಣೆಂದಿತು. ಮರುಗಳಿಗೆ ನೀರು ಪಿಚಕಾರಿಯಂತೆ ಚಿಮ್ಮಿ ಗುಂಡಿಯ ಬಾಯಲ್ಲಿ ಬಗ್ಗಿ ನಿಂತಿದ್ದವರನ್ನೆಲ್ಲ ತೋಯಿಸಿತು. ಕೆಲಸದವರು ಕೇಕೆ ಹಾಕಿದರು. ಮೇಸ್ತ್ರಿಣಿ ಅದೇ ನೀರಿನಲ್ಲಿ ಮುಖ ತೊಳೆದುಕೊಂಡು, ಫೋನಿನಲ್ಲಿ, "ವಾಲ್ವು ಮುಚ್ಚೋದು ಬೇಡ ಸಾರ್, ಸಿಕ್ತು, ಒಡಕಿಗೆ ಪಟ್ಟಿ ಬಿಗೀತೀವಿ," ಎಂದು ಕೂಗಿದಳು.

ಅವಳೇ ತನ್ನ ಲಾರಿಯಲ್ಲಿ ಅವನನ್ನು ಭವನಕ್ಕೆ ಬಿಟ್ಟಳು. ಅವನ ಸರದಿ ಯಾವಾಗಲೋ ಮುಗಿದಿತ್ತು. ವ್ಯವಸ್ಥಾಪಕಿ ಅವನ ಕೆಸರಿನ ಕಾಲನ್ನೂ ಕೆಳಗಿನ ರತ್ನಗಂಬಳಿಯನ್ನೂ ನೋಡಿ ನಿಟ್ಟುಸಿರಿಟ್ಟು, ಊಟವಾದ ಮೇಲೆ ಐದು ನಿಮಿಷ ಕೊಡಿಸಿದಳು. ಸಭೆಯಲ್ಲಿ ಅರ್ಧ ಕುರ್ಚಿಗಳು ಖಾಲಿ. ಮಗಳ ಹಾಳೆಗಳು ನೆನೆದು ಅಂಟಿಕೊಂಡು, ಅಕ್ಷರವೆಲ್ಲ ಕಲಸಿಹೋಗಿತ್ತು. ಅವನು ಅವನ್ನು ಮಡಿಸಿಟ್ಟು ಬೆಳಗಿನ ಕಥೆಯನ್ನೇ ಹೇಳಿದ. ಐದು ನಿಮಿಷ ಇಪ್ಪತ್ತಾಯಿತು, ಯಾರೂ ಗಂಟೆ ಬಾರಿಸಲಿಲ್ಲ. ಇಳಿದು ಬಂದಾಗ ಬಿಳಿತಲೆಯ ಎಂಜಿನಿಯರೊಬ್ಬರು, "ಆ ಕೋಲನ್ನ ಒಂದ್ಸಲ ಹಿಡೀಲಾ?" ಎಂದು ಸಂಕೋಚದಿಂದ ಕೇಳಿದರು.

ಸಂಜೆ ಬಿಸಿಲಿಳಿಯುವ ಹೊತ್ತಿಗೆ ಅವನು ಸಮ್ಮೇಳನದವರು ಉಳಿಯಲು ಕೊಟ್ಟಿದ್ದ ಕೋಣೆಗೆ ಬಂದ. ಕಟ್ಟಡದ ಹದಿನಾಲ್ಕನೇ ಮಹಡಿ. ಕಾಲು ತೊಳೆಯಲು ನಲ್ಲಿ ತಿರುಗಿಸಿದ. ಒಂದು ಗಳಿಗೆ ಗೊರಗೊರ ಎಂದು ಗಾಳಿ ಬಂತು, ಆಮೇಲೆ ನೀರು ಬಂತು, ತಣ್ಣಗೆ, ತುಂಬಿಕೊಂಡು. ಮಣ್ಣು ಕರಗಿ ಹೋಗಿ ಕಾಲು ಬೆಳ್ಳಗಾದ ಮೇಲೂ ಅವನು ಅದರ ಕೆಳಗೆ ಅಂಗೈ ಒಡ್ಡಿಕೊಂಡು ನಿಂತಿದ್ದ. ಕಿಟಕಿಯಾಚೆ, ಎದುರಿನ ಕಟ್ಟಡಗಳಲ್ಲಿ, ಒಂದೊಂದೇ ಅಡುಗೆಮನೆಯ ದೀಪ ಹತ್ತಿಕೊಳ್ಳುತ್ತಿತ್ತು.