ಕಣದಲ್ಲಿ ಕಲ್ಪೆಟ್ಟದ ಪಾಲು

ಧನು ತಿಂಗಳ ಮಂಜು ಕಬಿನಿಯ ಮೇಲಿಂದ ಇನ್ನೂ ಎದ್ದಿರಲಿಲ್ಲ. ಕೊಳವಳ್ಳಿಯ ಹೊಳೆದಂಡೆಯ ಕಣದಲ್ಲಿ ಕಾಳನ್ ಆಗಲೇ ಎತ್ತುಗಳನ್ನು ಮೇಟಿಗೆ ಕಟ್ಟಿ ಸುತ್ತು ಹೊಡೆಸುತ್ತಿದ್ದ. ಕಣದ ನಡುವೆ ನೆಟ್ಟ ಕಂಬವೇ ಮೇಟಿ. ಅದರ ಸುತ್ತ ಎತ್ತುಗಳು ನಡೆದೂ ನಡೆದೂ ತೆನೆಯಿಂದ ಭತ್ತ ಉದುರಬೇಕು. ಚಾಮುಂಡಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕವೆಗೋಲಿನಿಂದ ಹುಲ್ಲು ಮಗುಚುತ್ತಿದ್ದಳು. ಊರಿನ ಬೇರೆ ಕಣಗಳ ಮೇಟಿಯೆಲ್ಲ ಹಾಲು ಒಸರುವ ಮರದ್ದು. ಅವಳ ಕಣದ್ದು ಮಾತ್ರ ಕಬ್ಬಿಣದ್ದು, ನೀಲಿ ಬಣ್ಣ ಬಳಿದದ್ದು, ತುದಿಯಲ್ಲಿ ವಾಲಿಬಾಲ್ ಬಲೆ ಕಟ್ಟುವ ಕೊಕ್ಕೆ ಇರುವಂಥದ್ದು.

ಅದು ಅಲ್ಲಿಗೆ ಬಂದದ್ದು ವಯನಾಡು ಹೊಸದಾಗಿ ಜಿಲ್ಲೆಯಾದ ಹುರುಪಿನಲ್ಲಿ. ಜಿಲ್ಲೆಯ ಮುಖ್ಯಪಟ್ಟಣವಾದ ಕಲ್ಪೆಟ್ಟದಲ್ಲಿ ಆಗ ಬೋರ್ಡು ಬರೆಯುವವರಿಗೆ ಬಿಡುವೇ ಇರಲಿಲ್ಲವಂತೆ. ಹಾಗೆ ಬೋರ್ಡು ಬರೆಸಿಕೊಂಡ ಕಚೇರಿಗಳಲ್ಲಿ ಗ್ರಾಮವಿನೋದ ಯೋಜನೆಯ ಕಚೇರಿಯೂ ಒಂದು. ಹಳ್ಳಿಯ ಜನ ದುಡಿದು ದುಡಿದು ಆಡುವುದನ್ನೇ ಮರೆತಿದ್ದಾರೆ, ಅವರಿಗೆ ಆಟ ಕಲಿಸಬೇಕು ಎಂಬುದು ಅದರ ಉದ್ದೇಶ. ಆಟಕ್ಕೆ ಸಮತಟ್ಟಾದ ಜಾಗ ಬೇಕಿತ್ತು. ಊರಿನಲ್ಲಿ ಹಾಗಿದ್ದದ್ದು ಚಾಮುಂಡಮ್ಮನ ಮಾವನ ಕಾಲದ ಕಣವೊಂದೇ. ಅವಳ ಮೈದುನ ನಿಂಗಯ್ಯನಿಗೆ ಅಲ್ಲಿ ಎದ್ದೇಳಲಿದ್ದ ಆಟದ ಕೇಂದ್ರದ ಕಾರ್ಯದರ್ಶಿ ಆಗುವ ಆಸೆ. ವರ್ಷವೆಲ್ಲ ಹುಡುಗರು ಆಡಲಿ, ಸುಗ್ಗಿಯ ಒಂದು ತಿಂಗಳು ನಾವು ತುಳಿಸಿಕೊಳ್ಳೋಣ ಎಂದು ಅವನು ಅತ್ತಿಗೆಯನ್ನು ಒಪ್ಪಿಸಿದ. ಆಟ ನಿಂತ ದಿನ ಕಣ ನನಗೆ ವಾಪಸು ಬರಬೇಕು ಎಂಬ ಮಾತೊಂದನ್ನೇ ಅವಳು ಕೇಳಿದ್ದಳು. ಬಂದಿದ್ದ ಅಧಿಕಾರಿ ಆ ಮಾತನ್ನೂ ಬರೆದುಕೊಂಡಿದ್ದ.

ಊರವರು ಕಲ್ಲು ಹೊತ್ತರು, ಮರ ಕೊಟ್ಟರು, ಗೋಡೆ ಎಬ್ಬಿಸಿದರು. ಕಲ್ಪೆಟ್ಟದಿಂದ ಹೆಂಚು ಬಂತು, ಕೇರಂ ಬೋರ್ಡು ಬಂತು, ರೇಡಿಯೋ ಬಂತು, ಬಲೆಯ ಜೊತೆ ಎರಡು ಕಂಬ ಬಂದವು. ಸಿಮೆಂಟು ಬಂದದ್ದು ಕಂತ್ರಾಟುದಾರನ ಕೈಯಿಂದ. ಒಂದು ಕಂಬಕ್ಕೆ ಹೊಸದಾಗಿ ಗುಂಡಿ ತೋಡಿದ ಅವನು, ಇನ್ನೊಂದಕ್ಕೆ ಕಣದ ನಡುವೆ ಗುಂಡಿ ತಯಾರಿದ್ದದ್ದು ನೋಡಿ ಖುಷಿಪಟ್ಟು ಅದರಲ್ಲೇ ನಿಲ್ಲಿಸಿದ. ಅದು ಮೇಟಿಯ ಗುಂಡಿ. ಮೇಟಿಯ ಗುಂಡಿಯಲ್ಲಿ ನಿಂತದ್ದು ಏನೇ ಆಗಲಿ ಮೇಟಿಯೇ ಎಂದು ಚಾಮುಂಡಮ್ಮ ಅರಿಶಿನ ಕುಂಕುಮ ತಂದಳು. ಕಬ್ಬಿಣದಲ್ಲಿ ಹಾಲು ಒಸರುವುದಿಲ್ಲವಲ್ಲ ಎಂದು ಹೊರಗಿನಿಂದಲೇ ಒಂದು ಚೊಂಬು ಹಾಲು ಸುರಿದು ಕೈಮುಗಿದಳು. ಹಳ್ಳಿಯ ಹೆಂಗಸರಿಗೆ ಕ್ರೀಡೆಯ ಮೇಲೆ ಇಷ್ಟು ಭಕ್ತಿಯೇ ಎಂದು ಅಧಿಕಾರಿಗಳಿಗೆ ಕಣ್ಣು ತುಂಬಿ ಬಂತು. ಕಂತ್ರಾಟುದಾರ ಮಾತ್ರ ಯಾಕೋ ಮುಖ ಸಣ್ಣದು ಮಾಡಿಕೊಂಡು ಆ ಗುಂಡಿಯ ಬಳಿ ಬಹಳ ಹೊತ್ತು ನಿಂತಿದ್ದ.

ನಾಲ್ಕೈದು ಮಳೆಗಾಲ ಕಳೆಯಿತು. ಕೇಂದ್ರದ ನೆಲದ ಸಿಮೆಂಟು ಮೊದಲ ಮಳೆಗೇ ಹೊಟ್ಟಿನ ಹಾಗೆ ಎದ್ದುಹೋಯಿತು. ಕೇರಂ ಕಾಯಿಗಳು ಒಂದೊಂದಾಗಿ ಕಾಣೆಯಾದವು. ಬಲೆ ಯಾರದೋ ಹಿತ್ತಲಲ್ಲಿ ಅವರೆ ಬಳ್ಳಿ ಹಬ್ಬಿಸಿಕೊಂಡಿತು. ರೇಡಿಯೋಗೆ ಶೆಲ್ಲು ಹಾಕಿಸಿ ಹಾಕಿಸಿ ನಿಂಗಯ್ಯನೂ ಸುಸ್ತಾದ. ಹಿಂದಿನ ಸುಗ್ಗಿಯಲ್ಲಿ ತಪಾಸಣೆಯವರು ನಡುಹಗಲಲ್ಲಿ ಬಂದು ಇಲ್ಲಿ ಯಾರು ಆಡುತ್ತಾರೆ ಎಂದು ಕೇಳಿದ್ದಕ್ಕೆ, ಸದ್ಯಕ್ಕೆ ಎತ್ತುಗಳು ಮಾತ್ರ ಎಂದು ಕಾಳನ್ ಇದ್ದದ್ದನ್ನು ಹೇಳಿದ್ದ. ಕೇಂದ್ರ ಮುಚ್ಚುವ ತೀರ್ಮಾನ ಆದದ್ದು ಹಾಗೆ.

ಆ ತೀರ್ಮಾನ ಕಲ್ಪೆಟ್ಟದಿಂದ ಕೊಳವಳ್ಳಿಗೆ ಬರುವಷ್ಟರಲ್ಲಿ ಅದರ ಗಡುವೇ ಮುಗಿಯುತ್ತ ಬಂದಿತ್ತು. ಮಂಜು ಕರಗುವ ಹೊತ್ತಿಗೆ ಆಳುಗಳ ಜೊತೆ ಜೀಪಿನಿಂದ ಇಳಿದ ಕಲ್ಪೆಟ್ಟದ ಕಚೇರಿಯ ಭಾಸ್ಕರನ್, ಇವತ್ತೇ ಕೊನೆಯ ದಿನ ಎಂದ. ಬೆಳ್ಳಗೆ ಒಗೆದ ಮುಂಡು ಉಟ್ಟ, ಮೆಲ್ಲಗೆ ಮಾತಾಡುವ ಮನುಷ್ಯ. ಚಾಮುಂಡಮ್ಮ ಕಾಪಿ ಕೊಡಲು ಹೋದರೆ ಬೇಡ ಎಂದ. ಲೆಕ್ಕ ಚುಕ್ತಾ ಮಾಡಲು ಬಂದವನು ಎಲ್ಲಿಯೂ ಒಂದು ಗುಟುಕು ನೀರನ್ನೂ ಕುಡಿಯುವುದಿಲ್ಲವಂತೆ. ಹದಿನೆಂಟು ವರ್ಷದ ನೌಕರಿಯಲ್ಲಿ ಕುಡಿದಿಲ್ಲವಂತೆ.

ಆಮೇಲೆ ಅವನು ಮಲಯಾಳದಲ್ಲಿ ಪಾಲು ವಿವರಿಸಿದ. ಊರವರು ಕೊಟ್ಟ ನೆಲ ದಾನ, ಆದ್ದರಿಂದ ಅದರ ಬೆಲೆ ಸೊನ್ನೆ. ಕೂಲಿಯೆಲ್ಲ ಶ್ರಮದಾನ, ಅದೂ ಸೊನ್ನೆ. ಕಲ್ಲು ಮರ ಪುಕ್ಕಟೆ ಬಂದವು, ಸೊನ್ನೆ. ದುಡ್ಡು ಕೊಟ್ಟು ತಂದದ್ದು ಕಲ್ಪೆಟ್ಟ ಮಾತ್ರ. ಹೀಗಾಗಿ ಕೇಂದ್ರ ಪೂರ್ತಿ ಕಲ್ಪೆಟ್ಟದ್ದು. ಆ ಸೊತ್ತನ್ನೆಲ್ಲ ಇವತ್ತೇ ಸಾಗಿಸಿದರೆ ಬರಿನೆಲ ಚಾಮುಂಡಮ್ಮನಿಗೆ ವಾಪಸು. ಒಂದು ಸಾಮಾನು ಉಳಿದರೂ ನೆಲದ ಸಮೇತ ಹರಾಜು.

“ಗೋಡೆ?” ಎಂದ ನಿಂಗಯ್ಯ.

ಗೋಡೆಯ ಬೆಲೆ ಸೊನ್ನೆಯಾದ್ದರಿಂದ ಅದು ಅಲ್ಲಿ ಇಲ್ಲ ಎಂದು ಭಾಸ್ಕರನ್ ಸಮಾಧಾನ ಹೇಳಿದ.

ಆಳುಗಳು ಹೆಂಚು ಇಳಿಸಿದರು. ಬೋರ್ಡು, ರೇಡಿಯೋ ಜೀಪಿಗೆ ಹೋದವು. ಅವರೆ ಬಳ್ಳಿ ಬಿಡಿಸಿ ಬಲೆಯನ್ನೂ ತಂದರು. ಅಂಚಿನ ಕಂಬವನ್ನು ಒಬ್ಬ ಆಳು ಬೀಡಿ ಬಾಯಲ್ಲಿಟ್ಟುಕೊಂಡೇ ಒಂದು ಕೈಯಲ್ಲಿ ಕಿತ್ತ. ಉಳಿದದ್ದು ನಡುವಿನ ಕಂಬ. ಆಳು ಅತ್ತ ಹೆಜ್ಜೆ ಇಡುತ್ತಲೇ ಚಾಮುಂಡಮ್ಮ ಕವೆಗೋಲು ಅಡ್ಡ ಹಿಡಿದಳು.

“ಮೆಟ್ಟು ಬುಟ್ಟು ಬಾಪ್ಪ. ಬಂದ್ರೂ ಅದ ಮುಟ್ಟಂಗಿಲ್ಲ. ರಾಶಿ ಅಳೆಯೋಗಂಟ ಮೇಟಿ ಕೀಳಕಾಗಲ್ಲ.”

ನಿಂಗಯ್ಯ ಓಡಿಬಂದ. ಅವಳನ್ನು ಪಕ್ಕಕ್ಕೆ ಕರೆದ. “ಅತ್ಗೆ, ಕಿತ್ರೆ ಕಣ ನಮ್ದು. ಕೀಳ್ದಿದ್ರೆ ಹರಾಜು. ಗೊತ್ತಾಯ್ತಾ?”

“ಗೊತ್ತಾಯ್ತು. ತುಳಿಯೋವಾಗ ಮೇಟಿ ಕಿತ್ತ ಕಣ ಇದ್ದೂ ಏನ್ ಮಾಡನಪ್ಪ? ಅದ್ರಲ್ಲಿ ಯಾರು ಬತ್ತ ತುಂಬ್ತಾರೆ?”

“ಅದು ಬಾಲ್ ಆಡೋ ಕಂಬ ಕಣತ್ಗೆ.”

“ನೀನ್ ಆಡಿದ್ದು ಎರಡು ದಿನ. ಎತ್ತು ಸುತ್ತಿರೋದು ಎಷ್ಟು ಸುಗ್ಗಿ?”

ಭಾಸ್ಕರನ್ ಗಡಿಯಾರ ನೋಡಿಕೊಂಡ. ಗಡುವೆಂದರೆ ರಾತ್ರಿಯವರೆಗೂ ಇವತ್ತೇ ತಾನೇ ಎಂದು ತನಗೇ ಹೇಳಿಕೊಂಡು, ಆಳುಗಳನ್ನೂ ಜೀಪನ್ನೂ ಕಳಿಸಿಬಿಟ್ಟ. ತಾನು ಸಂಜೆಯ ಕೊನೆಯ ಬಸ್ಸಿಗೆ ಕಂಬದ ಜೊತೆ ಬರುವುದಾಗಿ ಹೇಳಿದ. ಚಪ್ಪಲಿ ಕಳಚಿ ಕಣದ ಅಂಚಿನಲ್ಲಿ ಕೂತ. ಆದರೆ ಸುಗ್ಗಿಯ ಕಣದಲ್ಲಿ ಸುಮ್ಮನೆ ಕೂತವನು ಎಲ್ಲರ ಕಾಲಿಗೂ ಅಡ್ಡ. ಮಧ್ಯಾಹ್ನ ತಿರುಗುವಷ್ಟರಲ್ಲಿ ಅವನು ಮುಂಡು ಎತ್ತಿ ಕಟ್ಟಿ ಹುಲ್ಲು ಒದರುತ್ತಿದ್ದ. ಸಾರೇ, ಬತ್ತ ಕೆಳಗೆ ಬೀಳ್ಬೇಕು, ತಲೆ ಮೇಲಲ್ಲ, ಎಂದು ಕಾಳನ್ ನಗುತ್ತಿದ್ದ.

ಚಾಮುಂಡಮ್ಮ ನಗಲಿಲ್ಲ. ಬಸ್ಸಿನ ಹೊತ್ತಿಗೆ ಮುಂಚೆ ರಾಶಿ ಆದೀತೇ ಎಂಬ ಭಯ ಅವಳ ಕೈಯನ್ನು ನಿಲ್ಲಲು ಬಿಡಲಿಲ್ಲ. ಗಾಳಿ ಬೇಕಾದಾಗ ಬೀಸಲಿಲ್ಲ. ಬೀಸಿದಾಗ ಒಂದು ಎತ್ತು ಮಲಗಿಬಿಟ್ಟಿತು. ಆದರೂ ಹೊಳೆಯಾಚೆಯ ಕಾಡಿನ ಮೇಲೆ ಸೂರ್ಯ ಕೆಂಪಾಗುವಷ್ಟರಲ್ಲಿ ತೂರಿದ ಭತ್ತ ರಾಶಿಯಾಯಿತು. ಅವಳು ರಾಶಿಗೆ ಪೂಜೆ ಮಾಡಿ ಕೊಳಗ ಹಿಡಿದಳು. ಮೊದಲ ಕೊಳಗಕ್ಕೆ ಒಂದು ಎನ್ನದೆ ‘ಲಾಭ’ ಎಂದೇ ಅಳೆದಳು. ಅಳೆದು ಮುಗಿದ ಮೇಲೆ, ದುಡಿದವರಿಗೆಲ್ಲ ಕೊಡುವಂತೆ ಭಾಸ್ಕರನ್‌ಗೂ ಒಂದು ಮೊರ ಭತ್ತವನ್ನು ಆಯವೆಂದು, ಕಣದ ಪಾಲಾಗಿ ಕೊಟ್ಟಳು.

ಅವನು ಎರಡು ಹೆಜ್ಜೆ ಹಿಂದೆ ಸರಿದ. ಕಾಳನ್ ಗಂಭೀರವಾಗಿ ಹೇಳಿದ: “ಬೇಡಾಂತ ಹೇಳ್ಬೇಡಿ ಸಾರೇ. ಕಾಪಿ ಅಮ್ಮೋರ್ದು. ಇದು ರಾಶೀದು.”

ಹದಿನೆಂಟು ವರ್ಷ ನೀರು ಕುಡಿಯದ ಭಾಸ್ಕರನ್ ಹೆಗಲ ಚೀಲ ಅಗಲಿಸಿ ಹಿಡಿದ.

“ಈಗ ಕಿತ್ಕಳಿ” ಎಂದಳು ಚಾಮುಂಡಮ್ಮ, ಮೇಟಿಗೆ ಕೈಮುಗಿದು.

ಭಾಸ್ಕರನ್ ಅಲುಗಿಸಿದ. ಕಾಳನ್ ಅಲುಗಿಸಿದ. ಮೂವರೂ ಗಂಡಸರು ಸೇರಿ ತಬ್ಬಿ ಜಗ್ಗಿದರು. ಕಂಬ ಮಿಸುಕಲಿಲ್ಲ. ಹಾರೆಯಿಂದ ಬುಡ ಕೆದಕಿದರೆ ಕಲ್ಲಿನಂಥ ಸಿಮೆಂಟು. ಹಾರೆಯ ಮೂತಿಯೇ ಮಡಚಿಕೊಂಡಿತು. ನಿಂಗಯ್ಯನಿಗೆ ಆಗ ಹೊಳೆಯಿತು. ಪೂಜೆಯಾದ ಕಂಬಕ್ಕೆ ಮೋಸ ಮಾಡಲು ಹೆದರಿ, ಕಂತ್ರಾಟುದಾರ ಇಡೀ ಕೇಂದ್ರದ ಸಿಮೆಂಟನ್ನು ಈ ಒಂದು ಗುಂಡಿಗೆ ಸುರಿದಿದ್ದ. ಕಲ್ಪೆಟ್ಟದ ದುಡ್ಡು ಸರಿಯಾಗಿ ಸೇರಿದ್ದ ಜಾಗ ಊರಿನಲ್ಲಿ ಅದೊಂದೇ.

ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿತು. ಭಾಸ್ಕರನ್ ಕಂಬ ನೋಡಿದ, ಚೀಲ ನೋಡಿದ. ಎಲ್ಲ ಸೊತ್ತು ಸಾಗಿಸಲಾಗಿದೆ, ನೆಲ ಬರಿದಾಗಿದೆ ಎಂದು ಮೊಳಕಾಲಿನ ಮೇಲೆ ಬರೆದು, ನಿಂಗಯ್ಯನ ಸಹಿ ಹಾಕಿಸಿಕೊಂಡು, ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಓಡಿದ.

ಕಣ ಉಳಿಯಿತು. ಬಿಟ್ಟಿ ಬಂತು ಕಂಬ ಎಂದು ನಿಂಗಯ್ಯ ಊರೆಲ್ಲ ಹೇಳಿಕೊಂಡು ತಿರುಗಿದ. ಚಾಮುಂಡಮ್ಮನಿಗೆ ಮಾತ್ರ ಇನ್ನೊಬ್ಬರ ಸಾಮಾನು ಇಟ್ಟುಕೊಂಡ ಹಿಂಸೆ. ಮುಂದಿನ ಸುಗ್ಗಿಗೆ ಮೇಟಿಗೆ ಹಾಲು ಸುರಿದು, ಕೆಲಸ ಸುರುಮಾಡದೆ ರಸ್ತೆಯ ಕಡೆ ನೋಡುತ್ತ ನಿಂತಳು.

“ಯಾರಿಗ್ ಕಾಯ್ತಾ ಇದೀರಮ್ಮಾ?” ಎಂದ ಕಾಳನ್.

“ಆ ಸಾರು. ಕಣದ ಆಯ ತಗಂಡೋರು ಮರುಸುಗ್ಗಿಗೂ ಬಂದು ದುಡೀಬೇಕಲ್ಲ.”

ಹೋದ ಸುಗ್ಗಿಯಲ್ಲಿ ಆಯ ಪಡೆದಿದ್ದ ಕಮ್ಮಾರ ಬಂದು ಕುಡುಗೋಲು ಹದ ಮಾಡಿಕೊಟ್ಟು ಹೋಗಿದ್ದ. ಮೊರ ಹೆಣೆಯುವವಳು ಹೊಸ ಮೊರ ತಂದಿದ್ದಳು. ಬಸ್ಸು ಬಂತು, ಇಬ್ಬರನ್ನು ಇಳಿಸಿತು. ಇಬ್ಬರೂ ಹೊಳೆಯ ಕಡೆ ನಡೆದರು. ಚಾಮುಂಡಮ್ಮ ಸೆರಗು ಸಿಕ್ಕಿಸಿಕೊಂಡಳು.

“ಹೊಡಿ ಎತ್ತ. ಕಲ್ಪೆಟ್ಟದೋರ ಬಾಕಿ ಹಂಗೇ ಇರ್ಲಿ. ಅವ್ರು ಬಂದು ದುಡಿದು ತೀರ್ಸೋಗಂಟ ಕಂಬ ಇಲ್ಲೇ ಇರ್ತದೆ.”