ಬಿಟ್ಟುಕೊಟ್ಟ ಆಟ

"ಕೊನೇ ಆಟ ಇವತ್ತೂ ನಂದೇ!"

ಗಂಡ ಟವೆಲ್ಲನ್ನು ಹೆಗಲಿಗೆ ಎಸೆದುಕೊಂಡು ಸ್ಕ್ವಾಷ್ ಕೋರ್ಟಿನಿಂದ ಹೊರಬಿದ್ದ. ಇನ್ನು ತಿಂಡಿಯ ಹೊತ್ತಿನವರೆಗೂ ಅವನ ಬಾಯಲ್ಲಿ ಹಾಡೇ ಹಾಡು. ಹೆಂಡತಿ ಗೋಡೆಗೆ ಒರಗಿ ಸುಮ್ಮನೆ ಬೆವರು ಒರೆಸಿಕೊಂಡಳು.

ಊರೂರು ಸುತ್ತಿ ಟೂರ್ನಿ ಆಡುವ ವೃತ್ತಿಪರ ಆಟಗಾರ್ತಿ ಅವಳು. ಅವನೂ ಒಂದು ಕಾಲಕ್ಕೆ ಅದೇ ಆಟದಲ್ಲಿ ಹೆಸರು ಮಾಡಿದವನೇ. ಮೊಣಕಾಲು ಕೈಕೊಟ್ಟ ಮೇಲೆ ಅವಳ ಅಭ್ಯಾಸಕ್ಕೆ ಜೊತೆಗಾರನಾಗಿದ್ದ. ಮದುವೆಯಾದ ಹೊಸತರಲ್ಲಿ ಒಮ್ಮೆ ಅವಳು ಅವನನ್ನು ಸೋಲಿಸಿದ್ದಳು. ಆ ವಾರವೆಲ್ಲ ಮನೆಯಲ್ಲಿ ಪಾತ್ರೆಗಳು ಸದ್ದು ಮಾಡಿದವೇ ಹೊರತು ಅವನು ತುಟಿ ಬಿಚ್ಚಲಿಲ್ಲ. ಅಂದಿನಿಂದ ಕೊನೆಯ ಆಟವನ್ನು ಬಿಟ್ಟುಕೊಡುವುದು ಅವಳಿಗೆ ರೂಢಿಯಾಯಿತು.

ಅದನ್ನು ಪತ್ತೆ ಹಚ್ಚಿದವರು ಕೋಚ್ ಮೇಡಂ. ಮೂರು ಟೂರ್ನಿಗಳಲ್ಲಿ ಅವಳು ಗೆಲುವಿನ ಅಂಚಿಗೆ ಬಂದು ಎಡವಿದ್ದಳು.

"ಇನ್ನೇನು ಗೆದ್ದೆ ಅನ್ನೋವಾಗ ಚೆಂಡನ್ನ ಎದುರಾಳಿ ಕೈಗೇ ಇಟ್ಟುಬಿಡ್ತೀಯಲ್ಲ, ಯಾರ ಹೆದರಿಕೆ ನಿಂಗೆ?"

"ಹೆದರಿಕೆ ಅಲ್ಲ ಮೇಡಂ. ಮನೇಲಿ ನೆಮ್ಮದಿ ಬೇಕಲ್ಲ."

ಮೇಡಂಗೆ ತಟ್ಟನೆ ಅರ್ಥವಾಯಿತು. "ದಿನಾ ಬೆಳಿಗ್ಗೆ ಕೈಗೆ ಸೋಲೋದನ್ನ ಕಲಿಸ್ತಿದ್ದೀಯ. ಅದು ಗಂಡ ಯಾರು, ಎದುರಾಳಿ ಯಾರು ಅಂತ ನೋಡುತ್ತಾ?"

ಮಾರನೆಯ ಬೆಳಿಗ್ಗೆ ಅವಳು ಆಡಿದಳು. ಚೆಂಡು ಗೋಡೆಯಿಂದ ಗೋಡೆಗೆ ಗುಂಡಿನಂತೆ ಸಿಡಿಯಿತು. "ಏನಿವತ್ತು, ಒಂದೇ ಸಮ ಬೆಂಕಿ ಉಗುಳ್ತಿದ್ದೀಯ!" ಎಂದು ನಕ್ಕವನ ನಗು ಸ್ವಲ್ಪ ಹೊತ್ತಿನಲ್ಲೇ ಏದುಸಿರಾಯಿತು. ಕೊನೆಯ ಆಟ ಸಮಸಮಕ್ಕೆ ಬಂದು ನಿಂತಿತು. ಅವಳ ಮಣಿಕಟ್ಟು ಹಳೆಯ ಚಾಳಿಗೆ ಸಡಿಲವಾಗತೊಡಗಿತು. ಅವಳು ರಾಕೆಟ್ಟಿನ ಹಿಡಿತ ಬಿಗಿ ಮಾಡಿದಳು. ಹಿಂದಿನ ಗೋಡೆಗೆ ಬೆನ್ನು ತಾಗುವಷ್ಟು ದೂರದಿಂದ ತೇಲಿಸಿದ ಚೆಂಡು ಎದುರಿನ ಮೂಲೆಯನ್ನು ಸವರಿ ನೆಲಕ್ಕೆ ಅಂಟಿಕೊಂಡಂತೆ ಕೂತಿತು. ಅದರ ಬೆನ್ನಿಗೇ ಇನ್ನೊಂದು ಪಾಯಿಂಟ್. ಗೆದ್ದಿದ್ದಳು!

"ಇಷ್ಟು ವರ್ಷ ಬಿಟ್ಟುಕೊಡ್ತಿದ್ದೆಯಾ?" ಅವನ ದನಿ ಸಣ್ಣದಾಗಿತ್ತು.

"ಹೂಂ."

"ಯಾಕೆ?"

"ಸೋತರೆ ನೀವು ಮಾತು ಬಿಡ್ತೀರಲ್ಲ, ಅದಕ್ಕೆ."

"ನಂಗೆ ಅಂತ ಉಳಿದಿದ್ದೇ ಇದೊಂದು ಗೆಲುವು ಕಣೇ. ಅದೂ ಭಿಕ್ಷೆನಾ?" ಅವನು ಬಾಗಿಲು ದೂಡಿಕೊಂಡು ಹೋದ.

ಸಂಜೆಯವರೆಗೂ ಅವನು ಬಾಯಿ ಬಿಡಲಿಲ್ಲ. ವರಾಂಡದಲ್ಲಿ ಅತ್ತಿಂದಿತ್ತ ನಡೆದ, ಗೋಡೆಗೆ ಮುಖ ಮಾಡಿ ನಿಂತ, ಬರಿಗೈಯಲ್ಲೇ ಏನೋ ಹೊಡೆತ ಬೀಸಿ ನೋಡಿದ. ಅವಳು ತಿರುಗಿ ಮಾತಾಡಿಸಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಕೊನೆಗೆ ಅವನೇ ಅಡುಗೆಮನೆಯ ಬಾಗಿಲಿಗೆ ಬಂದ.

"ಆ ಮೂರು ಟೂರ್ನಿನೂ ನನ್ನಿಂದಲೇ ಹೋಯ್ತಾ?"

ಕೂತು ತರಕಾರಿ ಹೆಚ್ಚುತ್ತಿದ್ದ ಅವಳು ಚಾಕು ಕೆಳಗಿಟ್ಟಳು. ಅವನು ತಲೆ ತಗ್ಗಿಸಿದ. "ಬೇಜಾರಾಗಿದೆ, ಸುಳ್ಳು ಹೇಳಲ್ಲ" ಎಂದ. "ಆದ್ರೆ ಆ ತೇಲಿಸಿದ ಹೊಡೆತ ಇದೆಯಲ್ಲ, ನಾನು ಆಡೋ ಕಾಲದಲ್ಲೂ ಅಂಥದ್ದನ್ನ ನೋಡಿಲ್ಲ! ಅದು ಹೆಂಗೆ ಹೊಡೆದೆ? ಏಳು, ಶೂ ಹಾಕ್ಕೋ."

ಇಬ್ಬರೂ ಹೆಚ್ಚುಕಡಿಮೆ ಓಡುತ್ತಲೇ ಕೋರ್ಟಿಗೆ ಬಂದರು. ಅಭ್ಯಾಸದಂತೆ ಅವಳು ಮೊದಲ ಹೊಡೆತಕ್ಕೆ ಚೆಂಡನ್ನು ಅವನತ್ತ ಚಾಚಿದಳು. ಅವನು ಅವಳ ಬೆರಳುಗಳನ್ನು ಚೆಂಡಿನ ಮೇಲೆ ಮಡಚಿ, ಕುಂಟುತ್ತಾ ತನ್ನ ಜಾಗಕ್ಕೆ ಹೋಗಿ ಬಗ್ಗಿ ನಿಂತ.

"ಗೆದ್ದವರದ್ದು ಸರ್ವಿಸ್" ಎಂದ. "ಹೊಡಿ."